ಗುಡುಗು ಸಿಕ್ಕಿಸಿದ ವೈರು

ಸ್ಪೀಕರ್ ಅಂಗಡಿಯ ಅಕ್ಕ ಗುಂಡಿ ತಿರುಗಿಸಿದ್ದೇ ತಡ, ವೂಫರ್ "ಧಂ!" ಎಂದಿತು.

ಆ ಒಂದು ಧಂಗೆ ಅಂಗಡಿಯ ಗಾಜು ನಡುಗಿತು, ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಒಮ್ಮೆಗೇ ಮಗುಚಿಕೊಂಡವು, ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಪಕ್ಕದ ಊರಿಗೇ ಓಡಿಹೋಯಿತು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

"ಅಪ್ಪಾ, ಇದೇ! ಇದೇ ಬೇಕು!" ಗುಡುಗು ಕುಣಿದಳು.

ಗುಡುಗು ಎಂಬುದು ಅವಳ ಅಡ್ಡಹೆಸರು. ಐದನೇ ಕ್ಲಾಸು. ಅವಳು "ಪ್ರೆಸೆಂಟ್ ಮಿಸ್" ಎಂದರೆ ಸುತ್ತಲಿನ ಮೂರು ಸ್ಕೂಲುಗಳಲ್ಲೂ ಅವಳಿಗೆ ಹಾಜರಿ ಬೀಳುತ್ತಿತ್ತು. "ನಮ್ಮನೆಗೆ ವೂಫರ್ ಬರುತ್ತೆ, ಕಿಟಕಿಯೆಲ್ಲ ಗಡಗಡ ಅನ್ನುತ್ತೆ" ಎಂದು ಆಗಲೇ ಇಡೀ ಕ್ಲಾಸಿಗೆ ಸಾರಿಬಿಟ್ಟಿದ್ದಳು.

ಅಪ್ಪ ತಲೆ ಕೆರೆದುಕೊಂಡರು. "ನಮ್ಮ ಬಜೆಟ್ಟಿಗೆ ಒಂದೇ ಬರೋದು ಕಣೇ. ವೂಫರ್ ತಗೊಂಡ್ರೆ ಬರೀ ಧಂ ಧಂ. ಈ ಸೆಂಟರ್ ಸ್ಪೀಕರ್ ತಗೊಂಡ್ರೆ ಮಾತು ಚೆನ್ನಾಗಿ ಕೇಳುತ್ತೆ. ತಾತಂಗೂ..."

"ನನ್ನ ಮಾತು ಬಿಡೋ," ಎಂದರು ತಾತ. "ಕೆಟ್ಟಿರೋದು ನನ್ನ ಕಿವಿ. ಅದಕ್ಕೆ ಸ್ಪೀಕರ್ ಏನು ಮಾಡುತ್ತೆ? ಮಗು ಕೇಳಿದ್ದನ್ನ ಕೊಡಿಸು."

ತಾತ ಗಡಿಯಾರ ರಿಪೇರಿಯವರು. ಗಡಿಯಾರವನ್ನು ಕಿವಿಗೆ ಹಿಡಿದರೆ ಸಾಕು, ಯಾವ ಚಕ್ರದ ಯಾವ ಹಲ್ಲು ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದರು. ಇರುವೆ ಸೀನಿದರೆ ಅದು ಶೀತಕ್ಕೋ ಧೂಳಿಗೋ ಎಂದು ತಿಳಿಯುವಂಥ ಕಿವಿ!

ಆದರೆ ಒಂದು ತಿಂಗಳಿಂದ ಮನೆಯಲ್ಲಿ ಸಿನಿಮಾ ಹಾಕಿದರೆ ಸಾಕು, "ಏನಂದ? ಅವನು ಏನಂದ?" ಎಂದು ಶುರು ಮಾಡುತ್ತಿದ್ದರು. ಉಳಿದವರು ವಾಲ್ಯೂಮ್ ಏರಿಸಿಕೊಂಡು ಹೇಗೋ ನೋಡುತ್ತಿದ್ದರು. ಗುಡುಗು ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ತಾತನಿಗೆ ಕೂಗಿ ಹೇಳುತ್ತಿದ್ದಳು. ಹೋದ ವಾರ ತಾತ ಪುಟ್ಟ ಸ್ಕ್ರೂಡ್ರೈವರುಗಳನ್ನೆಲ್ಲ ಒರೆಸಿ ಡಬ್ಬಿಗೆ ತುಂಬಿದರು. "ಕಿವಿ ಇಲ್ಲದವನಿಗೆ ಇದೆಲ್ಲ ಯಾಕೆ?" ಎಂದು ಅದನ್ನು ಅಟ್ಟಕ್ಕೆ ಹಾಕಿಸಿದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ.

ಅಕ್ಕ ವೂಫರ್ ನಿಲ್ಲಿಸಿದಳು. ಅಂಗಡಿ ಶಾಂತವಾಯಿತು.

"ಅಮ್ಮಾ, ನಿನ್ನ ಗೋಡೆ ಗಡಿಯಾರ ಕುಂಟ್ತಾ ಇದೆಯಲ್ಲ," ಎಂದರು ತಾತ. "ಟಿಕ್ ಉದ್ದ, ಟಾಕ್ ಗಿಡ್ಡ. ಸ್ವಲ್ಪ ನೇರ ಮಾಡಿ ನೇತುಹಾಕು."

ಅಕ್ಕ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಟೆಸ್ಟರ್ ತೆಗೆದು ತಾತನನ್ನೇ ನೋಡಿದಳು. "ಅದು ಇಲ್ಲಿಗೆ ಕೇಳಿಸ್ತಾ? ದಿನಾ ಅದರ ಕೆಳಗೇ ಕೂರೋ ನನಗೇ ಕೇಳಿಸಿಲ್ಲ! ನಿಮ್ಮ ಕಿವಿ ಕೆಟ್ಟಿದೆ ಅಂದವರು ಯಾರು? ಸಾರ್, ಮನೇಲಿ ಎಷ್ಟು ಸ್ಪೀಕರ್ ಇದೆ?"

"ಹಳೇವು ಎರಡು," ಎಂದರು ಅಪ್ಪ.

"ಮಾತು ಬಾವಿಯೊಳಗಿಂದ ಬಂದ ಹಾಗೆ ಇರುತ್ತಾ? ಧಂ ಅನ್ನೋದೇ ಇಲ್ವಾ?"

"ಹೂಂ, ಹಾಗೇ! ಹಳೇದಾಯ್ತಲ್ಲ ಅಂತ..."

ಅಕ್ಕ ಎರಡು ಸ್ಪೀಕರ್ ಎಳೆದು ಸಿನಿಮಾದ ಒಂದು ಜಗಳ ಹಾಕಿದಳು. ಮಾತು ಮುತ್ತಿನಂತೆ ಕೇಳಿಸಿತು. ಆಮೇಲೆ ಒಂದು ಸ್ಪೀಕರಿನ ಹಿಂದೆ ಕೈಹಾಕಿ, ಕೆಂಪು ವೈರನ್ನು ಕಪ್ಪಿನ ಜಾಗಕ್ಕೂ ಕಪ್ಪನ್ನು ಕೆಂಪಿನ ಜಾಗಕ್ಕೂ ಸಿಕ್ಕಿಸಿದಳು. ಜಗಳ ಆಡುತ್ತಿದ್ದವರು ಎದ್ದು ಬಚ್ಚಲುಮನೆಗೆ ಹೋದಂತಾಯಿತು.

"ಏನಂದ?" ಎಂದರು ತಾತ.

"ನೋಡಿದ್ರಾ? ಒಂದು ಸ್ಪೀಕರ್ ತಳ್ಳಿದಾಗ ಇನ್ನೊಂದು ಎಳೆಯುತ್ತೆ. ಇಬ್ಬರ ಜಗ್ಗಾಟದಲ್ಲಿ ಸದ್ದು ಸೊರಗಿಹೋಗುತ್ತೆ. ಮನೇಲಿ ಯಾರಾದ್ರೂ ವೈರು ಮುಟ್ಟಿದ್ರಾ?"

ಗುಡುಗಿಗೆ ಥಟ್ಟನೆ ನೆನಪಾಯಿತು.

ಚೆಂಡು! ತಿಂಗಳ ಹಿಂದೆ ಟೀವಿಯ ಹಿಂದೆ ಉರುಳಿದ ಚೆಂಡು. ಅದಕ್ಕಾಗಿ ಸ್ಪೀಕರ್ ಎಳೆದಾಗ ವೈರು ಎರಡೂ ಕಿತ್ತು ಬಂದಿದ್ದವು. ಯಾರೂ ನೋಡುವ ಮೊದಲೇ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ತೂತಿಗೆ ತುರುಕಿದ್ದಳು.

ಹೇಳಿದರೆ ಹೊಸ ಸ್ಪೀಕರ್ ಯಾಕೆ ಎನ್ನುತ್ತಾರೆ ಅಪ್ಪ. ವೂಫರ್ ಹೋಯಿತು. ಕ್ಲಾಸಿನಲ್ಲಿ ಮರ್ಯಾದೆಯೂ ಹೋಯಿತು.

ಅವಳು ತಾತನನ್ನು ನೋಡಿದಳು. ಅವರು ಆ ಕುಂಟು ಗಡಿಯಾರವನ್ನೇ ನೋಡುತ್ತಿದ್ದರು. ಬೆರಳುಗಳು ತಾವಾಗಿಯೇ ಇಲ್ಲದ ಸ್ಕ್ರೂ ಒಂದನ್ನು ತಿರುಗಿಸುತ್ತಿದ್ದವು.

ಗುಡುಗು ಬಾಯಿ ತೆರೆದಳು. ಹುಟ್ಟಿದಾಗಿನಿಂದ ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದೇ ಇಲ್ಲ.

"ಏನಂದೆ?" ಎಂದರು ಅಪ್ಪ.

"ಏನು ಪುಟ್ಟಿ?" ಎಂದು ಅಕ್ಕನೂ ಬಗ್ಗಿದಳು.

"ಅವಳೇ ಮುಟ್ಟಿದ್ದಂತೆ," ಎಂದರು ತಾತ. "ಚೆಂಡು ಹುಡುಕೋವಾಗ."

ಅಪ್ಪನೂ ಅಕ್ಕನೂ ತಾತನ ಕಡೆ ತಿರುಗಿದರು. ಆಮೇಲೆ ತಾತನೇ ತಮ್ಮ ಕಿವಿ ಮುಟ್ಟಿಕೊಂಡರು. "ಅರೇ! ನನಗೆ ಕೇಳಿಸ್ತಲ್ಲೋ!"

ಅಪ್ಪ ಬಿಟ್ಟ ನಿಟ್ಟುಸಿರಿಗೆ ಅಂಗಡಿಯ ಫ್ಯಾನು ಹಿಂದುಮುಂದಾಗಿ ತಿರುಗಿತು.

"ಮನೆಗೆ ಹೋಗಿ ವೈರು ಸರಿಮಾಡಿ," ಎಂದಳು ಅಕ್ಕ. "ಒಂದು ವಾರ ಕೇಳಿ. ಆಮೇಲೂ ಬೇಕು ಅನ್ನಿಸಿದ್ರೆ ಬನ್ನಿ, ವೂಫರ್ ಎಲ್ಲಿಗೂ ಓಡಿಹೋಗಲ್ಲ. ತಾತ, ಬರೋವಾಗ ಡಬ್ಬಿ ತನ್ನಿ. ಈ ಗಡಿಯಾರ ನಿಮ್ಮದೇ ಕೆಲಸ."

ಮನೆಯಲ್ಲಿ ಗುಡುಗೇ ನೆಲದ ಮೇಲೆ ಮಲಗಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸಿಕ್ಕಿಸಿದಳು. ನೂರು ಸಲ ನೋಡಿದಳು. ಸರಿ, ನಾಲ್ಕು ಸಲ.

ಸಿನಿಮಾ ಶುರುವಾಯಿತು. ತೆರೆಯ ಮೇಲೆ ಒಬ್ಬ ಏನೋ ಗೊಣಗಿದ. ಅದನ್ನು ತಾತನಿಗೆ ಕೂಗಿ ಹೇಳಲು ಗುಡುಗು ಉಸಿರೆಳೆದುಕೊಂಡಳು.

ತಾತ ಆಗಲೇ ನಗುತ್ತಿದ್ದರು. ಎಲ್ಲರಿಗಿಂತ ಮೊದಲು.

ಅವಳು ಎಳೆದುಕೊಂಡ ಉಸಿರನ್ನು ಮೆಲ್ಲಗೆ ಬಿಟ್ಟಳು.

"ಏನಮ್ಮಾ ಗುಡುಗು, ವೂಫರ್ ಕತೆ ಏನಾಯ್ತು?" ಎಂದು ಅಪ್ಪ ಕೆಣಕಿದರು.

"ಶ್!" ಎಂದಳು ಗುಡುಗು.

ಅಟ್ಟದಿಂದ ಇಳಿದ ಡಬ್ಬಿ ತಾತನ ತೊಡೆಯ ಮೇಲೆ ತೆರೆದಿತ್ತು. ಕೈಯಲ್ಲಿ ಒಂದು ಹಳೆಯ ಗಡಿಯಾರ. ಗುಡುಗು ಅವರ ತೋಳಿಗೆ ಕೆನ್ನೆ ಆನಿಸಿ ಕೂತಳು. ಸಿನಿಮಾದವರು ಮಾತು ನಿಲ್ಲಿಸಿದಾಗಲೆಲ್ಲ ಅವಳಿಗೂ ಅದು ಕೇಳಿಸುತ್ತಿತ್ತು, ಟಿಕ್, ಟಿಕ್, ಟಿಕ್.