ಕೋವಿ ಹೇಳುತ್ತಿದ್ದ ಕಾನೂನು

“ಈ ಕೋವಿ ಮಾರಬಹುದಾ?” ಎಂದು ಚಂಗಪ್ಪ ಕೇಳಿದರು.

ಗೋಡೆಗೆ ಒರಗಿದ್ದ ಒಂಟಿ ನಳಿಗೆಯ ಕೋವಿ ಹೆಣ್ಣು ದನಿಯಲ್ಲಿ ಉತ್ತರಿಸಿತು: “ಪರವಾನಗಿ ಇರುವವರಿಗೆ ಮಾತ್ರ. ಮೊದಲು ಠಾಣೆಗೆ ತಿಳಿಸಬೇಕು.” ಅಷ್ಟೇ. ಮನೆ ಮತ್ತೆ ತೆಪ್ಪಗಾಯಿತು.

ಅದು ಕೋವಿವಾಣಿಯ ಕಾಲ. ಸರ್ಕಾರ ಪ್ರತಿ ಕೋವಿಯ ಹಿಡಿಯೊಳಗೂ ಬೆಂಕಿಪೊಟ್ಟಣದಷ್ಟು ಚಿಕ್ಕ ಯಂತ್ರವೊಂದನ್ನು ಕೂರಿಸಿತ್ತು. ಯಾರು ಕೋವಿ ಇಟ್ಟುಕೊಳ್ಳಬಹುದು, ಯಾರಿಗೆ ಮಾರಬಹುದು, ಯಾರು ತಯಾರಿಸಬಹುದು, ಏನು ಕೇಳಿದರೂ ಹೇಳುತ್ತಿತ್ತು. ಕಚೇರಿ ಕಚೇರಿ ಅಲೆಯುವುದು ತಪ್ಪಿತೆಂದು ಕೊಡಗಿನ ಜನಕ್ಕೆ ಖುಷಿಯೋ ಖುಷಿ. ಆದರೆ ಯಂತ್ರಕ್ಕೆ ಇನ್ನೊಂದು ಚಾಳಿಯಿತ್ತು. ಒಬ್ಬನೇ ಮನುಷ್ಯ ಮಾರಾಟ, ತಯಾರಿಕೆ ಅಂತ ಮೇಲಿಂದ ಮೇಲೆ ಕೆದಕಿದರೆ, ಇವನೇನೋ ಮಸಲತ್ತು ಮಾಡುತ್ತಿದ್ದಾನೆಂದು ಮೈಸೂರಿನ ಇಲಾಖೆಗೆ ಸುದ್ದಿ ಮುಟ್ಟಿಸುತ್ತಿತ್ತು.

ಚಂಗಪ್ಪನವರ ಸುದ್ದಿಯೂ ಮುಟ್ಟಿತು. ಯಂತ್ರ ಕಟ್ಟಿದ ವಿಜ್ಞಾನಿ ಶಾರ್ವರಿಯೇ ಸೋಮವಾರಪೇಟೆಗೆ ಬಂದರು. ಕಳ್ಳಕೋವಿಯ ಕಾರ್ಖಾನೆ ಹಿಡಿಯುವ ಹುಮ್ಮಸ್ಸು ಅವರಿಗೆ. ಸಿಕ್ಕಿದ್ದು ಎರಡು ಕೋಣೆಯ ಬಾಡಿಗೆ ಮನೆ, ತೊಳೆದು ಕವುಚಿಟ್ಟ ಒಂದೇ ತಟ್ಟೆ, ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ನಿವೃತ್ತ ಮಿಲಿಟರಿ ಡ್ರೈವರ್.

ಕೋವಿ ಜಪ್ತಿ ಮಾಡಬೇಕಾಗುತ್ತದೆ ಎಂದು ಶಾರ್ವರಿ ನೇರವಾಗಿಯೇ ಹೇಳಿದರು. ಅಪ್ಪನಿಂದ ಬಂದ ಕೋವಿ ಅದು. ಕೈಲ್ ಪೊಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜಿಸುವಂಥದ್ದು. ಮುದುಕ ಜಗಳಕ್ಕೆ ಬರುತ್ತಾನೆಂದೇ ಆಕೆ ಎಣಿಸಿದ್ದರು.

“ಕೋವಿ ತಗೊಂಡು ಹೋಗಿ ಮೇಡಂ,” ಎಂದರು ಚಂಗಪ್ಪ. “ಆ ಮಾತಾಡೋ ಪೆಟ್ಟಿಗೆ ಮಾತ್ರ ಬಿಟ್ಟು ಹೋಗಿ.”

ಶಾರ್ವರಿಗೆ ತಲೆಬುಡ ತಿಳಿಯಲಿಲ್ಲ. “ಹಾಗಾದ್ರೆ ದಿನಾ ತಯಾರಿಕೆ ನಿಯಮ ಯಾಕೆ ಕೇಳ್ತೀರಿ?”

“ಮಾರಾಟದ್ದು ಕೇಳಿದ್ರೆ ಎರಡು ಮಾತಲ್ಲಿ ಮುಗಿಸಿಬಿಡ್ತದೆ. ತಯಾರಿಕೆದ್ದು ಕೇಳಿದ್ರೆ ನನ್ನ ಊಟ ಮುಗಿಯೋವರೆಗೂ ಮಾತಾಡ್ತದೆ.”

ಕಳ್ಳರು ಹೂಡಬಹುದಾದ ಆಟಗಳನ್ನೆಲ್ಲ ಲೆಕ್ಕ ಹಾಕಿ ಯಂತ್ರ ಕಟ್ಟಿದ್ದ ಹೆಂಗಸು ಇದೊಂದನ್ನು ಎಣಿಸಿರಲಿಲ್ಲ. ಜಪ್ತಿಯ ಮಾತು ಬಿಟ್ಟು ವಾಪಸಾಗಿ ಉಳಿದ ಗುಮಾನಿಗಳನ್ನೂ ವಿಚಾರಿಸಿದರು. ಎಲ್ಲ ಕಡೆಯೂ ಇದೇ ಪಾಡು, ಮಾತಿಗೊಬ್ಬರಿಲ್ಲದ ಮನೆಗಳು. ಕೆಲಸಕ್ಕೆ ಬಾರದ ಸುದ್ದಿ ಮುಟ್ಟಿಸುವ ಯಂತ್ರ ಯಾಕೆಂದು ಇಲಾಖೆ ಎಲ್ಲ ಕೋವಿಗಳ ವಾಣಿಯನ್ನೂ ಕಿತ್ತುಹಾಕಿತು. ಕೀಳಬೇಡಿ ಎಂದು ಶಾರ್ವರಿ ವಿನಂತಿಸಿಕೊಂಡರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಂಗಪ್ಪನವರ ಬಳಿ ಕೋವಿ ಉಳಿಯಿತು, ದನಿ ಹೋಯಿತು. ಅಭ್ಯಾಸಬಲದಿಂದ ಊಟದ ಹೊತ್ತಿಗೆ “ತಯಾರಿಕೆ ನಿಯಮ ಹೇಳು” ಎನ್ನುತ್ತಿದ್ದರು. ಆಮೇಲೆ ತಾವೇ ಅದನ್ನು ಮೊದಲಿಂದ ಒಪ್ಪಿಸುತ್ತಿದ್ದರು. ಅಷ್ಟು ಸಲ ಕೇಳಿ ಕಾನೂನೆಲ್ಲ ಬಾಯಿಪಾಠವಾಗಿತ್ತು. ಸ್ವಂತ ದನಿ ಕೇಳಿಕೊಂಡು ಉಣ್ಣಲಾಗದೆ ಅರ್ಧಕ್ಕೇ ಎದ್ದು ತಟ್ಟೆ ತೊಳೆದಿಡುತ್ತಿದ್ದರು.

ಇತ್ತ ಜನಕ್ಕೆ ಕೇಳಿ ರೂಢಿಯಾಗಿತ್ತು, ಈಗ ಹೇಳುವವರಿಲ್ಲ. ಠಾಣೆಯಲ್ಲಿ ಕೇಳಿಕೇಳಿ ತಲೆ ತಿಂದಾಗ ಚಂಗಪ್ಪ ಒಪ್ಪಿಸುವುದನ್ನು ಕೇಳಿದ್ದ ಪೊಲೀಸಿನವನೊಬ್ಬ, “ಚಂಗಪ್ಪನ ಮನೆಗೆ ಹೋಗಿ, ಅವರಿಗೆ ಕಾನೂನೆಲ್ಲ ಬಾಯಲ್ಲೇ ಇದೆ” ಎಂದು ಜನರನ್ನು ಸಾಗಹಾಕಿದ.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ಕೆಳಮನೆಯ ಕುಶಾಲಪ್ಪ ನಿಂತಿದ್ದರು. ಇಷ್ಟು ವರ್ಷವೂ ಜೀಪಿನಿಂದ ಕೈಯೆತ್ತಿ ಹೋಗುತ್ತಿದ್ದವರು, ಇಳಿದವರಲ್ಲ.

“ಚಂಗಪ್ಪಣ್ಣ, ಒಂದೇ ನಿಮಿಷ. ಹಂದಿ ಓಡಿಸ್ಲಿಕ್ಕೆ ನನ್ನ ಕೋವಿ ಅಣ್ಣನ ಮಗನ ಕೈಗೆ ಕೊಡಬಹುದಾ?”

ಆ ಹುಡುಗನಿಗೆ ಪರವಾನಗಿ ಇರಲಿಲ್ಲ. ಹಾಗಿದ್ದರೆ ಉತ್ತರ ಒಂದೇ ಮಾತಿನದು: ಕೂಡದು. ಚಂಗಪ್ಪನವರಿಗೆ ಅದು ಗೊತ್ತಿತ್ತು.

“ಒಳಗೆ ಬನ್ನಿ,” ಎಂದು ಅವರು ಕಾಫಿಗೆ ನೀರಿಟ್ಟರು. “ಅದನ್ನ ತಯಾರಿಕೆ ನಿಯಮದಿಂದ ಶುರು ಮಾಡಿ ಹೇಳ್ಬೇಕಾಗ್ತದೆ.”