ಹಿಂತಿರುಗಿ ನೋಡಿದ ಮಾಳಿಂಗ

ಇದು ನಡೆದದ್ದು ಬಲು ಹಿಂದೆ, ಜೇನುಗಿರಿಯ ರಾಜ ಕಲ್ಲಾದ ಮರುದಿನ. ಮಾಂತ್ರಿಕ ದಂಡಕೇತು ರಾಜನ ಜೊತೆಗೆ, ಅರಮನೆಗೆ ಕಂಬಳಿ ಒಯ್ದಿದ್ದ ಬಾಳವ್ವನನ್ನೂ ಕಲ್ಲು ಮಾಡಿದ್ದ. ಆಮೇಲೆ ಡಂಗುರ ಸಾರಿಸಿದ: "ಮೂರು ಪಂಥ. ಕೊನೆಯದರಲ್ಲಿ ಮೊದಲು ಗೆರೆ ದಾಟಿದವನಿಗೆ ಅವನು ಕೇಳಿದ ಒಂದು ಕಲ್ಲಿಗೆ ಜೀವ ಕೊಡುತ್ತೇನೆ."

ಬಾಳವ್ವನ ತಮ್ಮ, ನೇಕಾರ ಮಾಳಿಂಗ ಬಂದ. ಅವನನ್ನೂ ಸೇರಿಸಿ ಎಂಟು ಮಂದಿ ಸಾಲಾಗಿ ನಿಂತರು.

ಮೊದಲನೆಯದು ಬೆಂಕಿಯ ಹೊಳೆ. ಮೊಸಳೆಗಳ ಬೆನ್ನ ಮೇಲೆ ಹೆಜ್ಜೆಯಿಟ್ಟು ದಾಟಬೇಕು.

"ಮೆಲ್ಲಗೆ ತುಳಿಯಪ್ಪಾ, ಬೆನ್ನು ನನ್ನದು," ಎಂದಿತು ಒಂದು ಮೊಸಳೆ.

ಮಾಳಿಂಗ ಮೊದಲು ದಾಟಿದ. ಹಿಂದೆ ಉಳಿದ ಮೂವರು ಮತ್ತೆ ಕಾಣಲಿಲ್ಲ. ನಾಚಿಕೆಯಿಂದ ಮನೆಗೆ ಹೋಗಿರಬೇಕು ಎಂದುಕೊಂಡು ಮುಂದೆ ನಡೆದ.

ಎರಡನೆಯದು ರೆಕ್ಕೆಯ ಕೋಣಗಳ ಸವಾರಿ. ಮಾಳಿಂಗ ಮೊದಲು ಬಂದ. ಈ ಸಲ ಮತ್ತೆ ಮೂವರು ಹಿಂದೆ ಬಿದ್ದರು. ಕೋಣದಿಂದ ಇಳಿದು ಅವನು ತಿರುಗಿ ನೋಡಿದ.

ಗೆರೆಯ ಆಚೆ ಮೂರು ಕಲ್ಲುಗಳು. ಒಂದು ಇನ್ನೂ ಕೈ ಚಾಚಿತ್ತು.

ಮಾಳಿಂಗ ಆ ಕೈಯನ್ನು ಮುಟ್ಟಿ ನೋಡಿದ. "ಇವರು... ಇವರನ್ನು ಯಾರು..."

"ನೀನೇ. ಗೆದ್ದವನು ಹಿಂದೆ ನೋಡಬಾರದು, ತಮ್ಮಾ," ದಂಡಕೇತು ನಕ್ಕ. "ಪ್ರತಿ ಪಂಥದಲ್ಲೂ ಗೆರೆಯ ಹಿಂದೆ ಯಾರಾದರೂ ಉಳಿಯಬೇಕು. ನನ್ನ ಮಂತ್ರಕ್ಕೆ ಅದೇ ಊಟ."

ಮೂರನೆಯದು ಗಾಜಿನ ಬೆಟ್ಟ. ಗೆರೆ ತುದಿಯಲ್ಲಿತ್ತು; ದಂಡಕೇತು ಅದರ ಈಚೆಗೇ ನಿಂತು ನೋಡುತ್ತಿದ್ದ. ಉಳಿದವರು ಇಬ್ಬರೇ: ಮಾಳಿಂಗ, ಕುಂಬಾರ ಬೆನಕಪ್ಪ. ಮಾಳಿಂಗ ಮೊದಲು ತುದಿಗೆ ಬಂದ. ಒಂದು ಹೆಜ್ಜೆಯಿಟ್ಟರೆ ಅಕ್ಕ ಏಳುತ್ತಾಳೆ. ಕೆಳಗೆ ಬೆನಕಪ್ಪ ಜಾರುತ್ತಿದ್ದ.

ನೇಕಾರರ ಕೇರಿಯಲ್ಲಿ ಮೊದಲು ಕೆಲಸ ಮುಗಿಸಿದವನು ಊಟಕ್ಕೆ ಏಳುವುದಿಲ್ಲ. ಪಕ್ಕದವನ ಮಗ್ಗಕ್ಕೆ ಕೈ ಹಚ್ಚುತ್ತಾನೆ. ಎಲ್ಲರೂ ಒಟ್ಟಿಗೇ ಏಳುತ್ತಾರೆ.

ಮಾಳಿಂಗ ಎತ್ತಿದ ಕಾಲನ್ನು ಇಳಿಸಿದ. ಕೈ ಚಾಚಿದ.

"ಏನೋ, ಅಣಕಿಸೋಕೆ ನಿಂತಿದ್ದೀಯಾ?" ಎಂದ ಬೆನಕಪ್ಪ, ಏದುಸಿರು ಬಿಡುತ್ತ.

"ಕೈ ಹಿಡಿ ಮಾರಾಯ. ಬೈಗುಳ ಆಮೇಲೆ."

ಇಬ್ಬರೂ ಒಟ್ಟಿಗೆ ಕಾಲಿಟ್ಟರು. ಗೆರೆಯ ಹಿಂದೆ ಉಳಿದಿದ್ದವನು ದಂಡಕೇತು ಒಬ್ಬನೇ. ಅವನು ಓಡಲು ಹೊರಟ. ಮೊಣಕಾಲು ಆಗಲೇ ಕಲ್ಲಾಗಿತ್ತು.

ಮಂತ್ರ ಮುರಿಯಿತು. ಬಾಳವ್ವ ಎದ್ದಳು, ರಾಜ ಎದ್ದ, ಪಂಥದಲ್ಲಿ ಕಲ್ಲಾದವರೂ ಎದ್ದರು, ಹೊಳೆಯ ಬೆಂಕಿ ನೀರಾಯಿತು. ಜೇನುಗಿರಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು.

ರಾಜ ಕೊಟ್ಟ ಪೇಟವನ್ನು ಕಂಕುಳಲ್ಲಿಟ್ಟುಕೊಂಡು ಮಾಳಿಂಗ ಮೊದಲು, ತಾನು ಗೆದ್ದಾಗ ಕಲ್ಲಾಗಿದ್ದವರ ಮನೆಗಳಿಗೆ ಹೋದ. ಒಂದೊಂದು ಬಾಗಿಲಲ್ಲೂ ನಿಂತು ತಪ್ಪಾಯಿತೆಂದ. ಬಾಗಿಲುಗಳು ಆರು.