ಹೇಳಬಾರದ ಕಿವಿನೋವು

"ನಿಮ್ಮಮ್ಮನ ಊರು ಯಾವುದು?"

"ಗೊತ್ತಿಲ್ಲ."

"ನಿಮ್ಮಪ್ಪ ಎಲ್ಲಿದಾರೆ?"

"ಗೊತ್ತಿಲ್ಲ."

"ಅಮ್ಮ ಎಲ್ಲಿ ಕೆಲಸ ಮಾಡೋದು?"

"ಕೋಳಿ ಫ್ಯಾಕ್ಟ..."

"ಏಯ್ ದಡ್ಡ!" ಯೆನ್ಸಿ ಕೈಯಲ್ಲಿದ್ದ ಸೌಟನ್ನು ಮೇಜಿಗೆ ಕುಟ್ಟಿದಳು. "ಎಷ್ಟು ಸಲ ಹೇಳ್ಕೊಡೋದು ನಿಂಗೆ? ಯಾರು ಏನು ಕೇಳಿದ್ರೂ ಏನನ್ಬೇಕು?"

"ಹಾಂ?" ಎಂದ ತಮ್ಮ ಎಲ್ಮೆರ್.

"ಕಿವಿ ಕೇಳ್ಸಲ್ವೇನೋ ಕಿವುಡಾ? ಏನನ್ಬೇಕು?"

"ಗೊತ್ತಿಲ್ಲ ಅನ್ಬೇಕು."

"ಹಾಂ, ಈಗ ಜಾಣ."

ಈ ಆಟವನ್ನು ಕಟ್ಟಿದವಳು ಯೆನ್ಸಿಯೇ. ಅವಳಿಗೆ ಹತ್ತು ವರ್ಷ, ಎಲ್ಮೆರ್‌ಗೆ ಆರು. ಸ್ಕೂಲಿನಿಂದ ಬಂದು, ಬೇಯಿಸಿ ಅರೆದ ಕಾಳು ಸವರಿ ಮಡಿಸಿದ ರೊಟ್ಟಿ ತಿಂದ ಮೇಲೆ ಅವಳು ಆಫೀಸರ್ ಆಗುತ್ತಿದ್ದಳು, ಸೌಟು ಅವಳ ಲಾಠಿಯಾಗುತ್ತಿತ್ತು. ಬೇರೆ ಊರಿನ ಮಕ್ಕಳನ್ನು ಗುಮ್ಮ ಬಂತು ಎಂದು ಹೆದರಿಸುತ್ತಾರೆ. ಡಬ್ಬಿಯಂಥ ಈ ಟ್ರೇಲರ್ ಮನೆಗಳ ಸಾಲಿನಲ್ಲಿ ಯಾರೂ ಯಾರನ್ನೂ ಹೆದರಿಸಬೇಕಾಗಿರಲಿಲ್ಲ. ಇಲ್ಲಿನ ಗುಮ್ಮ ನಿಜವಾಗಿಯೂ ಬರುತ್ತಿತ್ತು. ಅದಕ್ಕೆ 'ಮಿಗ್ರಾ' ಎಂದು ಹೆಸರು. ಈ ದೇಶದಲ್ಲಿ ಇರಲು ಕಾಗದ ಇಲ್ಲದವರನ್ನು ಹಿಡಿದು, ಬಿಟ್ಟು ಬಂದ ದೇಶಕ್ಕೆ ವಾಪಸು ಕಳಿಸುವ ಪೊಲೀಸರು ಅವರು.

ಅಪ್ಪನನ್ನು ಕರೆದೊಯ್ದದ್ದೂ ಅವರೇ. ಅಪ್ಪ ಮನೆಗಳ ಛಾವಣಿ ಹಾಕುವ ಕೆಲಸಕ್ಕೆ ಹೋಗುತ್ತಿದ್ದಾಗ ದಾರಿಯಲ್ಲೇ ವ್ಯಾನು ನಿಲ್ಲಿಸಿದ್ದರು. ಈಗ ಅವನು ದೂರದ ಹೊಂಡುರಾಸ್‌ನಲ್ಲಿ, ಅಜ್ಜಿಯ ಮನೆಯಲ್ಲಿ ಇದ್ದಾನೆ. ಮಕ್ಕಳ ಪಾಲಿಗೆ ಮಾತ್ರ ಅಪ್ಪ ಫೋನಿನೊಳಗೆ ಇದ್ದಾನೆ, ಅದೂ ನೆಟ್‌ವರ್ಕ್ ಸಿಕ್ಕಾಗ.

ಉಳಿದವಳು ಅಮ್ಮ ಒಬ್ಬಳೇ. ಅವಳ ಹತ್ತಿರವೂ ಆ ಕಾಗದ ಇಲ್ಲ. ಯೆನ್ಸಿಗೆ ಇದು ಗೊತ್ತು ಎಂದು ಅಮ್ಮನಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅಮ್ಮ ಅಡುಗೆ ಮಾಡುತ್ತಾ ಫೋನಿನಲ್ಲಿ ತೆಲ್ಮಾ ಚಿಕ್ಕಮ್ಮನ ಜೊತೆ ಮಾತಾಡುವುದು ಯೆನ್ಸಿಯ ಕಿವಿಗೆ ಬಿದ್ದಿತ್ತು. "ಈ ವರ್ಷ ಮಕ್ಕಳಿಗೆ ಜ್ವರ ಗಿರ ಅಂತ ಏನೂ ಬರದೆ ಇದ್ರೆ ಸಾಕು ಕಣೇ. ಆಸ್ಪತ್ರೆ ಅಂತ ಹೊರಗೆ ಹೊರಟ್ರೆ ನನ್ನ ಕತೆ ಮುಗೀತು."

ಯೆನ್ಸಿ ಅಂದೇ ತಮ್ಮನನ್ನು ಬಾತ್‌ರೂಮಿಗೆ ಎಳೆದುಕೊಂಡು ಹೋಗಿ, ಅಮ್ಮನಿಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟು, ಆಟಕ್ಕೆ ಹೊಸ ರೂಲ್ಸ್ ಸೇರಿಸಿದ್ದಳು. "ನೋಡು, ನೀನು ಹುಷಾರು ತಪ್ಪಬಾರದು. ತಪ್ಪಿದ್ರೆ ಡಾಕ್ಟರ್ ಹತ್ರ ಹೋಗ್ಬೇಕಾಗುತ್ತೆ. ಹೋದ್ರೆ ಅಮ್ಮನ್ನ ಹಿಡ್ಕೊಂಡು ಹೋಗ್ತಾರೆ. ಗೊತ್ತಾಯ್ತಾ?"

ಎಲ್ಮೆರ್ ದೊಡ್ಡ ಕಣ್ಣು ಬಿಟ್ಟು ತಲೆಯಾಡಿಸಿದ್ದ. ಎಂದೂ ಒಂದೇ ಸಲಕ್ಕೆ ಪಾಠ ಕಲಿಯದ ಹುಡುಗ ಇದನ್ನು ಮಾತ್ರ ಒಂದೇ ಸಲಕ್ಕೆ ಕಲಿತುಬಿಟ್ಟ.

ಅದಾಗಿ ಸ್ವಲ್ಪ ದಿನಕ್ಕೆ ಅವನು ಮಂಕಾದ. ಊಟ ಅರ್ಧಕ್ಕೇ ಬಿಡುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ಟಿವಿ ಜೋರಾಗಿ ಇಟ್ಟುಕೊಂಡು ಕೂರುತ್ತಿದ್ದ. ಯೆನ್ಸಿ ರೇಗಿ ರಿಮೋಟ್ ಕಿತ್ತುಕೊಂಡು, "ಕಿವುಡ, ಕಿವುಡ!" ಎಂದು ಅಣಕಿಸುತ್ತಿದ್ದಳು. ಮೊದಲಾಗಿದ್ದರೆ ಅವನು ಅವಳ ಜಡೆ ಹಿಡಿದು ಎಳೆಯುತ್ತಿದ್ದ. ಈಗ ಸ್ವೆಟರಿನ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಸುಮ್ಮನೆ ಕೂತಿರುತ್ತಿದ್ದ.

ಶುಕ್ರವಾರ ಅವನ ಮೈ ಕಾದ ಕಾವಲಿಯಾಯಿತು.

ಅಮ್ಮ ಫ್ಯಾಕ್ಟರಿಯಿಂದ ಬಂದವಳೇ ಅವನ ಎದೆಗೆ, ಬೆನ್ನಿಗೆ, ಅಂಗಾಲಿಗೆ ವಿಕ್ಸ್ ಹಚ್ಚಿದಳು. ವಿಕ್ಸಿಗೆ ಹೋಗದ ಕಾಯಿಲೆ ಇಲ್ಲ ಎಂದು ಅವಳ ನಂಬಿಕೆ. ಈ ಸಲ ವಿಕ್ಸೂ ಸೋತಿತು. ಜ್ವರದ ಸಿರಪ್ಪು ಕುಡಿಸಿದರೆ ಸ್ವಲ್ಪ ಹೊತ್ತು ಇಳಿದು ಮತ್ತೆ ಏರಿತು.

"ಎಲ್ಲಿ ನೋವು, ಕಂದ?"

"ಎಲ್ಲೂ ಇಲ್ಲಮ್ಮ."

ಶನಿವಾರ ಬೆಳಿಗ್ಗೆ ಅಮ್ಮ ಕಾರಿನ ಕೀ ಎತ್ತಿಕೊಂಡಳು. ಅಷ್ಟರಲ್ಲಿ ಚಿಕ್ಕಮ್ಮನ ಫೋನು ಬಂತು. ಪೆಟ್ರೋಲ್ ಬಂಕಿನ ಹತ್ತಿರ ಬಿಳಿ ವ್ಯಾನು ನಿಂತಿದೆಯಂತೆ. ಮಿಗ್ರಾದವರೇ ಇರಬಹುದು, ಅಲ್ಲದೆಯೂ ಇರಬಹುದು. ಅಮ್ಮ ಕೀ ಕೆಳಗಿಟ್ಟು, ಕುರ್ಚಿಯಲ್ಲಿ ಕುಸಿದು, ಅಂಗಿಯ ತುದಿಯಲ್ಲೇ ಕಣ್ಣೊರೆಸಿಕೊಂಡಳು.

ಎಲ್ಮೆರ್ ಒಂದು ಮಗ್ಗುಲಾಗಿ ಮಲಗಿದ್ದ. ಅಮ್ಮ ಬಾಗಿಲಿನಿಂದ ಕರೆದಳು. ಓಗೊಡಲಿಲ್ಲ. ಹತ್ತಿರ ಬಂದು ಕರೆದಳು. ಅವನು ಅಲುಗಲಿಲ್ಲ. ಗಾಬರಿಯಿಂದ ಭುಜ ಹಿಡಿದು ಅಲುಗಿಸಿದಾಗ ಕಣ್ಣು ಬಿಟ್ಟು, "ಹಾಂ?" ಎಂದ.

"ಜ್ವರ ತಲೆಗೇರಿಬಿಟ್ಟಿದೆ," ಎಂದಳು ಅಮ್ಮ. ಮುಂದೆ ಏನೂ ಯೋಚಿಸಲಿಲ್ಲ. ಅವನನ್ನು ಎತ್ತಿಕೊಂಡು ಕಾರಿನತ್ತ ನಡೆದೇಬಿಟ್ಟಳು. "ಯೆನ್ಸಿ, ಬಾಗಿಲು ಹಾಕ್ಕೊಂಡು ಬಾ. ದೇವ್ರು ಇದಾನೆ."

ಮಕ್ಕಳ ಕ್ಲಿನಿಕ್ಕಿನಲ್ಲಿ ಮೊದಲೆಲ್ಲ ಶನಿವಾರ ಕೂರಲು ಜಾಗ ಸಿಗುತ್ತಿರಲಿಲ್ಲ. ಅಳುವ ಕೂಸುಗಳು, ಓಡಾಡುವ ಪುಟಾಣಿಗಳು, ಗದರುವ ಅಮ್ಮಂದಿರು ಸೇರಿ ಸಂತೆಯಂತಿರುತ್ತಿತ್ತು. ಇವತ್ತು ಅಲ್ಲಿ ಬರೀ ಕುರ್ಚಿಗಳಿದ್ದವು. ಮೀನಿನ ತೊಟ್ಟಿಯ ಮೋಟರು ಗುರ್ರೆನ್ನುವುದು ಕೇಳಿಸುತ್ತಿತ್ತು.

"ಬಂದ್ರಲ್ಲ, ಒಳ್ಳೇದಾಯ್ತು," ಎಂದಳು ನರ್ಸು ಮೆಲ್ಲಗೆ. "ಹೆದರಿ ಯಾರೂ ಬರ್ತಾನೇ ಇಲ್ಲ."

ಡಾಕ್ಟರ್ ಟಾಲಿವರ್ ಬಾಗಿಲು ತುಂಬುವಷ್ಟು ದಪ್ಪ, ತಲೆ ಮಾತ್ರ ನುಣ್ಣಗೆ. ಅವರದು ಇಂಗ್ಲಿಷ್ ಮಾತು. ಆದರೂ ಬಂದವರ ಮನೆಮಾತಿನಲ್ಲೇ ಮಾತಾಡುತ್ತಿದ್ದರು. ಆ ಮಾತಿಗೆ ಕೈಕಾಲು ಮುರಿದಿರುತ್ತಿತ್ತು, ಅಷ್ಟೆ.

"ನಮಸ್ಕಾರ, ನಮಸ್ಕಾರ! ಯಾರು ಜ್ವರ ಬಂದಿದ್ದಾಳೆ?"

ಎಲ್ಮೆರ್ ಟೋಪಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಮುಟ್ಟಲು ಹೋದರೆ ಆಮೆಯ ಹಾಗೆ ಒಳಗೆ ಸೇರಿಕೊಂಡ.

"ಹೊಟ್ಟೆ ನೋಯುತ್ತಾಳಾ?"

ಎಲ್ಮೆರ್ ಅಕ್ಕನ ಮುಖ ನೋಡಿದ. "ಗೊತ್ತಿಲ್ಲ."

"ಗಂಟಲು ನೋಯುತ್ತಾನಾ?"

"ಗೊತ್ತಿಲ್ಲ."

"ಯಾವಾಗ ಶುರು ಆಯಿತು?"

"ಗೊತ್ತಿಲ್ಲ."

"ಹೇಳೋ ಕಂದ, ಡಾಕ್ಟ್ರು ಕೇಳ್ತಿದಾರೆ," ಎಂದಳು ಅಮ್ಮ. ಅವಳ ಕಣ್ಣು ಮಾತ್ರ ಕಿಟಕಿಯ ಆಚೆ ಇತ್ತು.

ಯೆನ್ಸಿ ಕೇಳುತ್ತಾ ನಿಂತಿದ್ದಳು. ತಮ್ಮ ಒಂದೂ ತಪ್ಪಿಲ್ಲದೆ ಉತ್ತರ ಹೇಳುತ್ತಿದ್ದ. ಅವಳು ಕಲಿಸಿದ್ದು ಇದನ್ನೇ. ಆದರೂ ಅವಳಿಗೆ ಯಾಕೋ ಅಳು ಬರುವ ಹಾಗಾಯಿತು.

ಡಾಕ್ಟರು ಒಂದು ಪುಟ್ಟ ಸ್ಟೂಲು ಎಳೆದುಕೊಂಡು ಅದರ ಮೇಲೆ ಕೂತರು. ಸ್ಟೂಲು ಕಿರ್ರೆಂದಿತು. ಅವರು ಎಲ್ಮೆರ್‌ನ ಮೊಣಕಾಲನ್ನು ಒಂದೇ ಬೆರಳಿನಿಂದ ತಟ್ಟಿದರು.

"ಈ ಮೊಣಕಾಲು ಊಟ ಮಾಡಿದನಾ?"

ಎಲ್ಮೆರ್ ಅನುಮಾನದಿಂದ ನೋಡಿದ. "ಮೊಣಕಾಲು ಊಟ ಮಾಡಲ್ಲ."

"ಮಾಡಲ್ಲವಾ? ಅಯ್ಯೋ ಪಾಪ, ಹಸಿವು! ಮತ್ತೆ ಮೂಗು? ಮೂಗು ಸ್ಕೂಲಿಗೆ ಹೋಗಿದ್ದಾಳೆ?"

"ಹೋಗಿದ್ದಾಳೆ ಅಲ್ಲ! ಮೂಗು ಅಂದ್ರೆ ಹೋಗಿದೆ ಅನ್ಬೇಕು!"

"ಥ್ಯಾಂಕ್ಯೂ, ಟೀಚರ್. ನಾನು ಬರೀ ತಪ್ಪು ಹುಡುಗ. ಈಗ ನೋಡಿ, ಸರಿ ಹೇಳುತ್ತೇನೆ. ಹೊಟ್ಟೆ ನೋಯುತ್ತಾಳೆ."

ಇಷ್ಟು ದೊಡ್ಡ ಮನುಷ್ಯ ಇಷ್ಟು ಸುಲಭದ್ದು ತಪ್ಪು ಮಾಡುವುದೇ? ಎಲ್ಮೆರ್‌ಗೆ ತಡೆಯಲಾಗಲಿಲ್ಲ. "ನೋಯುತ್ತಾಳೆ ಅಲ್ಲ, ನೋಯುತ್ತೆ! ಹೊಟ್ಟೆ ಅಲ್ಲವೇ ಅಲ್ಲ, ಕಿವಿ! ಕಿವಿ ನೋಯುತ್ತೆ ಅನ್ಬೇಕು!"

ಹೇಳಿದವನೇ ಬಾಯಿ ಮುಚ್ಚಿಕೊಂಡ. ಬೆರಳುಗಳ ಮೇಲಿನಿಂದ ಅಕ್ಕನನ್ನು ನೋಡಿದ. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದ.

"ಅಕ್ಕಾ, ನಾನು ಹೇಳ್ಬಿಟ್ಟೆ! ಈಗ ಅಮ್ಮನ್ನ ಹಿಡ್ಕೊಂಡು ಹೋಗ್ತಾರಾ?"

ಅಮ್ಮ ಕಿಟಕಿಯಿಂದ ತಿರುಗಿದಳು. "ಏನಂದೆ? ಯಾರು ಹೇಳಿದ್ರು ನಿಂಗೆ ಹಾಗಂತ?"

ಅವನು ಅಕ್ಕನ ಹೆಸರು ಹೇಳಲಿಲ್ಲ. ಪಾಪ, ಅಷ್ಟು ಅಳುವಿನಲ್ಲೂ ಹೇಳಲಿಲ್ಲ. ಯೆನ್ಸಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನಾನೇ," ಎಂದಳು. "ಹುಷಾರು ತಪ್ಪಬೇಡ ಅಂತ ನಾನೇ ಹೇಳಿದ್ದು. ನೀನು ಚಿಕ್ಕಮ್ಮನ ಹತ್ರ ಅಂತಿದ್ಯಲ್ಲಮ್ಮ, ಆಸ್ಪತ್ರೆಗೆ ಹೋದ್ರೆ ನಿನ್ನ ಕತೆ ಮುಗೀತು ಅಂತ."

ಅಮ್ಮ ಎಲ್ಮೆರ್‌ನನ್ನು ಎದೆಗೆ ಒತ್ತಿಕೊಂಡಳು.

ಡಾಕ್ಟರು ಎದ್ದು ಬಾಗಿಲು ಭದ್ರವಾಗಿ ಹಾಕಿ ಬಂದರು. ಪುಟ್ಟ ಲೈಟಿನಿಂದ ಎಲ್ಮೆರ್‌ನ ಕಿವಿಯೊಳಗೆ ಇಣುಕಿದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿದ್ದ ತಮಾಷೆಯೆಲ್ಲ ಇಳಿದುಹೋಯಿತು.

"ತುಂಬಾ ಕೀವು," ಎಂದರು. "ಈ ಕಿವಿ ಈಗ ಏನೂ ಕೇಳುತ್ತಿಲ್ಲ. ಇನ್ನೂ ಬಿಟ್ಟರೆ ಒಳಗೆ ಮೂಳೆಗೆ ಹೋಗುತ್ತಿತ್ತು. ಇವತ್ತು ಬಂದಿರಿ, ಒಳ್ಳೆಯದು. ಇಂಜೆಕ್ಷನ್ ಇವತ್ತು, ನಾಳೆ, ನಾಡಿದ್ದು. ಕಿವಿ ವಾಪಸು ಬರುತ್ತಾನೆ."

ಕಿವುಡ, ಕಿವುಡ ಎಂದು ತಾನು ಅಣಕಿಸಿದ್ದು ಯೆನ್ಸಿಗೆ ತನ್ನ ಕಿವಿಯಲ್ಲೇ ಕೇಳಿಸಿತು. ಅವಳು ಗೋಡೆಯ ಕಡೆ ತಿರುಗಿ ನಿಂತಳು.

"ನಾಳೆನೂ ಬರ್ಬೇಕಾ?" ಅಮ್ಮ ಕೇಳಿದಳು. "ಡಾಕ್ಟ್ರೇ, ನೀವು ಇದನ್ನೆಲ್ಲ ಬರ್ಕೊಳ್ತೀರಲ್ಲ..."

"ಕಿವಿ ಬರೆಯುತ್ತೇನೆ. ಜ್ವರ ಬರೆಯುತ್ತೇನೆ. ಅಮ್ಮನ ಊರು ನಾನು ಕೇಳಲ್ಲ, ಬರೆಯಲ್ಲ. ಈ ಕೋಣೆಗೆ ಯಾರಾದರೂ ನುಗ್ಗಬೇಕು ಅಂದರೆ ಜಡ್ಜ್ ಸಹಿ ಬೇಕು. ಸಹಿ ಇಲ್ಲ ಅಂದರೆ, ಬಾಗಿಲಲ್ಲಿ ನಾನು." ಅವರು ತಮ್ಮ ಹೊಟ್ಟೆ ತಟ್ಟಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ರಸ್ತೆ ನನ್ನ ಕೈಯಲ್ಲಿ ಇಲ್ಲಮ್ಮ. ಸುಳ್ಳು ಹೇಳಲ್ಲ. ಇಂಜೆಕ್ಷನ್ ಮುಗಿದ ಮೇಲೆ ಉಳಿದದ್ದು ವಿಡಿಯೋ ಕಾಲ್‌ನಲ್ಲಿ ನೋಡುತ್ತೇನೆ. ಬರುವುದು ಬೇಡ."

ಅಮ್ಮ ತಲೆಯಾಡಿಸಿದಳು.

"ಇನ್ನೊಂದು. ಅಮ್ಮ ಒಂದು ದಿನ ಮನೆಗೆ ಬರಲಿಲ್ಲ ಅಂದರೆ ಮಕ್ಕಳು ಯಾರ ಹತ್ತಿರ?"

"ಬಿಡ್ತು ಅನ್ನಿ ಡಾಕ್ಟ್ರೇ!" ಅಮ್ಮ ಶಿಲುಬೆ ಗುರುತು ಮಾಡಿಕೊಂಡಳು. "ಮಕ್ಕಳ ಮುಂದೆ ಅಂಥಾ ಮಾತು ಬೇಡ. ಅವಕ್ಕೇನು ಗೊತ್ತು, ಪಾಪ."

"ಅರ್ಧ ಗೊತ್ತು," ಎಂದರು ಡಾಕ್ಟರು. "ಅರ್ಧ ಗೊತ್ತು ತುಂಬಾ ಕೆಟ್ಟವಳು."

ಈ ಸಲ ಯಾರೂ ಅವರ ಮಾತು ತಿದ್ದಲಿಲ್ಲ.

ಅಮ್ಮ ಯೆನ್ಸಿಯನ್ನು ಹತ್ತಿರ ಎಳೆದುಕೊಂಡಳು. ಅವಳ ಕೈಯಲ್ಲಿ ಫ್ಯಾಕ್ಟರಿಯ ಸೋಪಿನ ವಾಸನೆ ಇತ್ತು. "ತೆಲ್ಮಾ ಚಿಕ್ಕಮ್ಮನ ಹತ್ರ ಕಾಗದ ಇದೆ," ಎಂದಳು ನಿಧಾನವಾಗಿ. "ನಾನು ಬರದೆ ಇದ್ರೆ ಅವಳು ಸ್ಕೂಲಿಗೆ ಬರ್ತಾಳೆ. ಅವಳ ಹತ್ರ ಎಲ್ಲಾ ಮಾತಾಡಿಟ್ಟಿದೀನಿ. ನೀನು ಸ್ಕೂಲಲ್ಲೇ ಕಾಯಿ. ಬೇರೆ ಯಾರು ಕರೆದ್ರೂ ಹೋಗ್ಬೇಡ. ತಮ್ಮನ ಕೈ ಬಿಡ್ಬೇಡ."

"ಎಷ್ಟು ಹೊತ್ತು ಕಾಯೋದು?"

"ಅವಳು ಬರೋ ತನಕ. ಬಂದೇ ಬರ್ತಾಳೆ."

ಯೆನ್ಸಿಗೆ ತುಂಬಾ ಭಯವಾಯಿತು. ತಾನು ಒಳಗೊಳಗೇ ಊಹಿಸಿದ್ದನ್ನೆಲ್ಲ ಅಮ್ಮ ಈಗ ಬಾಯಿಬಿಟ್ಟು ನಿಜ ಮಾಡಿದ್ದಳು. ಆದರೆ ಅವಳು ಊಹಿಸಿದ್ದರಲ್ಲಿ ಸ್ಕೂಲಿನ ಗೇಟಿನ ಹತ್ತಿರ ಯಾರೂ ಇರುತ್ತಿರಲಿಲ್ಲ, ತಾನು ಮತ್ತು ಎಲ್ಮೆರ್ ಇಬ್ಬರೇ. ಈಗ ಆ ಊಹೆಯೊಳಗೆ ಚಿಕ್ಕಮ್ಮ ಬಂದಳು, ಅವಳ ಹಳೇ ನೀಲಿ ಕಾರಿನ ಜೊತೆ.

ಇಂಜೆಕ್ಷನ್ ಚುಚ್ಚುವಾಗ ಎಲ್ಮೆರ್ ಉಸಿರು ಬಿಗಿಹಿಡಿದು ಸದ್ದೇ ಮಾಡಲಿಲ್ಲ. ನರ್ಸು "ಭೇಷ್, ಧೈರ್ಯವಂತ!" ಎಂದಳು. ಯೆನ್ಸಿಗೆ ಅದು ಧೈರ್ಯವಲ್ಲ ಎಂದು ಗೊತ್ತಿತ್ತು.

ವಾಪಸು ಬರುವಾಗ ಅಮ್ಮ ಪೆಟ್ರೋಲ್ ಬಂಕಿನ ದಾರಿ ಬಿಟ್ಟು ಸುತ್ತು ದಾರಿ ಹಿಡಿದಳು. ಹಿಂದಿನ ಸೀಟಿನಲ್ಲಿ ಎಲ್ಮೆರ್ ಅಕ್ಕನಿಗೆ ಒರಗಿ ಕೂತಿದ್ದ. ಯೆನ್ಸಿ ಅವನ ಕೇಳಿಸುವ ಕಿವಿಯ ಕಡೆ ಕೂತಿದ್ದಳು.

"ಅಕ್ಕ, ನಂಗೆ ಜ್ವರ ಬಂದಿದ್ದಕ್ಕೆ ಅಮ್ಮನ್ನ ಹಿಡಿಯಲ್ವಂತಾ?"

"ಇಲ್ಲ ಕಣೋ. ಜ್ವರಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅವನು ಸ್ವಲ್ಪ ಯೋಚಿಸಿದ. "ಹಾಗಾದ್ರೆ ಜ್ವರ ಬರದೆ ಇದ್ರೆ? ಆಗ ಹಿಡಿಯಲ್ವಾ?"

ಯೆನ್ಸಿ ಕನ್ನಡಿಯಲ್ಲಿ ಅಮ್ಮನ ಕಣ್ಣು ನೋಡಿದಳು. ಅಮ್ಮ ರಸ್ತೆಯನ್ನೇ ನೋಡುತ್ತಿದ್ದಳು. ಇಷ್ಟು ದಿನ ಯೆನ್ಸಿ ಅಂದುಕೊಂಡಿದ್ದೇ ಬೇರೆ. ತಾನು ಜಾಣೆಯಾಗಿದ್ದರೆ, ತಮ್ಮ ಸುಮ್ಮನಿದ್ದರೆ, ಯಾರೂ ಕೆಮ್ಮದೆ ಸೀನದೆ ಇದ್ದರೆ, ಅಮ್ಮ ಮನೆಯಲ್ಲೇ ಉಳಿಯುತ್ತಾಳೆ ಎಂದು. ಅಪ್ಪನನ್ನು ಹಿಡಿದ ದಿನವೂ ಅವರೆಲ್ಲ ಹುಷಾರಾಗಿಯೇ ಇದ್ದರು. ಅದು ಅವಳಿಗೆ ಈಗ ನೆನಪಾಯಿತು.

"ಅದು ನಮ್ಮ ಕೈಲಿಲ್ಲ," ಎಂದಳು. "ಆದ್ರೆ ನಿಂಗೆ ನೋವಾದ್ರೆ ನಂಗೆ ಹೇಳು."

"ಮೆಲ್ಲಗೆ ಹೇಳ್ಬೇಕಾ?"

"ಬೇಡ."

"ಜೋರಾಗಿ ಹೇಳ್ಲಾ?"

"ಹೂಂ, ಜೋರಾಗೇ ಹೇಳು."

ಎಲ್ಮೆರ್ ಒಂದು ಸಲ ಉಸಿರು ಎಳೆದುಕೊಂಡ. ಆಮೇಲೆ ಕಾರು ಹಾರಿಹೋಗುವ ಹಾಗೆ ಕಿರುಚಿದ. "ಸೂಜಿ ಚುಚ್ಚಿದ್ದು ನೋಯ್ತಾ ಇದೇ!"

ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ತಿರುಗಿ ನೋಡಿದರು. ಅಮ್ಮ ಬೆಚ್ಚಿಬಿದ್ದಳು. ಎಲ್ಮೆರ್ ಈಗ ಅಳತೊಡಗಿದ್ದ, ಎಷ್ಟೋ ದಿನದ ಅಳುವನ್ನೆಲ್ಲ ಸೇರಿಸಿ ಅಳುತ್ತಿದ್ದ. ಯೆನ್ಸಿ ಅವನ ಬಾಯಿ ಮುಚ್ಚಲಿಲ್ಲ.

"ಎಲ್ಲಿ?" ಎಂದಳು. "ತೋರ್ಸು."